ಮೋಡದೊಳಗೆ ಮೀಟರ್ ಕೈಕೊಟ್ಟರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ ಓಡ್ತಾನೇ ಇದೆ, ರೆಕ್ಕೆ ಗಟ್ಟಿಯಾಗಿದೆ. ಒಂದು ಮೀಟರ್ ಕೆಟ್ಟರೆ ಅಷ್ಟೊಂದು ಗಾಬರಿ ಯಾಕೆ?

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತಿದ್ದೀರಾ? ಬಾನೆಟ್ ತುದಿ ಕಾಣದಷ್ಟು ಮಂಜು ಕವಿದರೆ ಕಾರನ್ನು ಪಕ್ಕಕ್ಕೆ ಹಾಕಿ, ಇಂಡಿಕೇಟರ್ ಹಾಕಿ, ಸುಮ್ನೆ ಕೂತಿರಬಹುದು. ವಿಮಾನವನ್ನು ಪಕ್ಕಕ್ಕೆ ಹಾಕಲು ಬರುವುದಿಲ್ಲ. ಮೋಡದೊಳಗೆ ಸುತ್ತ ಬರೀ ಬಿಳುಪು. ಆಗ ನಮ್ಮ ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದನ್ನು ನಂಬಿದರೆ ಕೆಟ್ಟೆವು. ನಿಧಾನಕ್ಕೆ ಶುರುವಾದ ತಿರುವು ಅದಕ್ಕೆ ಗೊತ್ತೇ ಆಗುವುದಿಲ್ಲ. ವಿಮಾನ ಒಂದು ಕಡೆ ವಾಲಿ ಸುತ್ತುತ್ತಾ ಇಳಿಯುತ್ತಿದ್ದರೂ ನೆಟ್ಟಗೆ ಹೋಗುತ್ತಿದ್ದೇವೆ ಅಂತಲೇ ಅನ್ನಿಸುತ್ತದೆ. 1950ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಮೀಟರ್ ನೋಡಿ ಹಾರಿಸಿ ಗೊತ್ತಿಲ್ಲದ 20 ಜನರನ್ನು ಪರೀಕ್ಷಿಸಿದರು. ಹೊರಗಿನ ನೋಟ ಮುಚ್ಚಿದ ಮೇಲೆ ಇಪ್ಪತ್ತಕ್ಕೆ ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ.

ಒಂದು ಮಾತು ಮೊದಲೇ. ನಾನು ಇನ್‌ಸ್ಟ್ರಕ್ಟರ್ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾಲದ ಸೆಸ್ನಾ 172 ಅನ್ನುವ ಸಣ್ಣ ವಿಮಾನವೊಂದನ್ನು ವಾರಾಂತ್ಯದಲ್ಲಿ ಹಾರಿಸುವವನು. ಕೆಳಗೆ ಬರುವ ನಿಯಮಗಳು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯವು. ನಿಮ್ಮ ವಿಮಾನದ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಕೇಳಿ, ನನ್ನನ್ನಲ್ಲ.

ಯಾವ ಮೀಟರ್ ಯಾವುದರಿಂದ ನಡೆಯುತ್ತದೆ? ಪ್ರತಿ ಸಲ ಮರೆತುಹೋಗುತ್ತೆ.

ಇದೊಂದು ಬಾಯಿಪಾಠ ಆಗಲೇಬೇಕು, ಯಾಕೆಂದರೆ ಕೆಟ್ಟಿದ್ದು ಯಾವುದು ಅಂತ ಪತ್ತೆ ಹಚ್ಚುವುದು ಇದರಿಂದಲೇ. ಹಳೇ ಸೆಸ್ನಾದಲ್ಲಿ ಮೂರು ಮನೆತನ ಇವೆ ಅಂದುಕೊಳ್ಳಿ. ಅಟಿಟ್ಯೂಡ್ ಇಂಡಿಕೇಟರ್ (ಮೂಗು ಮೇಲೋ ಕೆಳಗೋ, ರೆಕ್ಕೆ ಎತ್ತ ವಾಲಿದೆ ಅಂತ ತೋರಿಸುವುದು) ಮತ್ತು ಹೆಡಿಂಗ್ ಇಂಡಿಕೇಟರ್ (ಮೂಗು ಯಾವ ದಿಕ್ಕಿಗಿದೆ ಅಂತ ತೋರಿಸುವುದು) ಎರಡರೊಳಗೂ ಗಾಳಿಯಿಂದ ತಿರುಗುವ ಬುಗುರಿ ಇರುತ್ತದೆ, ಆ ಗಾಳಿ ಎಳೆಯುವುದು ಎಂಜಿನ್ನಿಗೆ ಜೋಡಿಸಿದ ವ್ಯಾಕ್ಯೂಮ್ ಪಂಪ್. ಟರ್ನ್ ಕೋಆರ್ಡಿನೇಟರ್ (ಎತ್ತ, ಎಷ್ಟು ಬೇಗ ತಿರುಗುತ್ತಿದ್ದೇವೆ ಅಂತ ತೋರಿಸುವುದು) ಕರೆಂಟಿನದು. ಏರ್‌ಸ್ಪೀಡ್, ಎತ್ತರ ತೋರಿಸುವ ಆಲ್ಟಿಮೀಟರ್ ಮತ್ತು ಏರಿಳಿತದ ವೇಗ ತೋರಿಸುವ ವಿಎಸ್‌ಐ, ಈ ಮೂರಕ್ಕೆ ಪಂಪೂ ಬೇಡ ಕರೆಂಟೂ ಬೇಡ, ಹೊರಗಿನ ಗಾಳಿಯ ಒತ್ತಡ ಸಾಕು.

ಬೇರೆ ಬೇರೆ ಮನೆತನ ಮಾಡಿದ್ದು ಬೇಕೆಂದೇ. ಒಂದು ಮನೆ ಬಿದ್ದರೆ ಇನ್ನೆರಡು ನಿಂತಿರಲಿ ಅಂತ.

ವ್ಯಾಕ್ಯೂಮ್ ಪಂಪ್ ಕೆಟ್ಟರೆ ತಕ್ಷಣ ಗೊತ್ತಾಗುತ್ತಾ?

ಆಗಲ್ಲ. ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಈಗಿನ ಡ್ರೈ ಪಂಪ್‌ಗಳ ಒಳಗೆ ಗ್ರಾಫೈಟಿನ ಎಲೆಗಳಿರುತ್ತವೆ. ಅವು ಮುರಿಯುವ ಮುಂಚೆ ಸದ್ದು ಮಾಡುವುದಿಲ್ಲ, ಎಣ್ಣೆ ಸೋರಿಸುವುದಿಲ್ಲ, ಒಂದು ದಿನ ಪುಡಿಪುಡಿ ಆಗುತ್ತವೆ ಅಷ್ಟೇ. ಆದರೆ ಪಂಪ್ ನಿಂತ ಕ್ಷಣ ಬುಗುರಿ ನಿಲ್ಲುವುದಿಲ್ಲ. ಚಿಕ್ಕವರಿದ್ದಾಗ ಬುಗುರಿ ಆಡಿದವರಿಗೆ ಗೊತ್ತು, ಅದು ರಭಸ ಕಳೆದುಕೊಂಡ ಮೇಲೂ ಎಷ್ಟೋ ಹೊತ್ತು ನೆಟ್ಟಗೇ ನಿಂತಿರುತ್ತದೆ, ಆಮೇಲೆ ಮೆಲ್ಲಗೆ ತೂರಾಡಿ ಒಂದು ಪಕ್ಕಕ್ಕೆ ಒರಗುತ್ತದೆ. ಇಲ್ಲೂ ಹಾಗೇ. ಕೆಲವು ನಿಮಿಷ ಎಲ್ಲ ಸರಿ. ಆಮೇಲೆ ಅಟಿಟ್ಯೂಡ್ ಇಂಡಿಕೇಟರ್ ಒಂದೆರಡು ಡಿಗ್ರಿ ಬಲಕ್ಕೆ ವಾಲುತ್ತದೆ. ನೀವು ವಿಮಾನ ವಾಲಿತು ಅಂತ ತಿಳಿದು ಸ್ವಲ್ಪ ಎಡಕ್ಕೆ ಒತ್ತುತ್ತೀರಿ. ಅದು ಇನ್ನೊಂದು ಡಿಗ್ರಿ ವಾಲುತ್ತದೆ, ನೀವು ಇನ್ನೊಂಚೂರು ಒತ್ತುತ್ತೀರಿ. ಫಟ್ ಅಂತ ಕೆಟ್ಟಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಮೆತ್ತಗೆ ಸುಳ್ಳು ಹೇಳುತ್ತಾ ನಿಮ್ಮನ್ನು ಜೊತೆಗೇ ಕರೆದುಕೊಂಡು ಹೋಗುತ್ತದಲ್ಲ, ಅದೇ ಕಷ್ಟ.

ನಮ್ಮ ದೇಶದವರು ಮರೆಯಬಾರದ ಒಂದು ಉದಾಹರಣೆ ಇದೆ, ಅದು ಸಣ್ಣ ವಿಮಾನದ್ದಲ್ಲ. 1978ರ ಹೊಸ ವರ್ಷದ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 747, 'ಎಂಪರರ್ ಅಶೋಕ', ಮೇಲೆದ್ದು ಎರಡು ನಿಮಿಷದೊಳಗೆ ಬಾಂದ್ರಾ ತೀರದಾಚೆ ಸಮುದ್ರಕ್ಕೆ ಬಿತ್ತು. 213 ಜನ ಹೋದರು. ಕ್ಯಾಪ್ಟನ್ ಎದುರಿನ ಅಟಿಟ್ಯೂಡ್ ಮೀಟರ್ ಬಲಕ್ಕೆ ವಾಲಿದಂತೆ ತೋರಿಸುತ್ತಾ ನಿಂತುಬಿಟ್ಟಿತ್ತು, ಅವರು ಅದನ್ನು ನಂಬಿ ಎಡಕ್ಕೆ ಎಡಕ್ಕೆ ತಿರುಗಿಸುತ್ತಾ ಹೋದರು. ಕೆಳಗೆ ಕಪ್ಪು ಸಮುದ್ರ, ಹೊರಗೆ ನೋಡಿ ತಾಳೆ ಹಾಕಲು ಏನೂ ಇಲ್ಲ. ಅಷ್ಟು ದೊಡ್ಡ ವಿಮಾನ, ಅಷ್ಟು ಅನುಭವಿಗಳು.

ಸಣ್ಣ ವಿಮಾನದ್ದೇ ಬೇಕೆಂದರೆ 2000ನೇ ಇಸವಿಯ ಅಕ್ಟೋಬರ್ 16. ಮಿಸೌರಿ ರಾಜ್ಯದ ಗವರ್ನರ್ ಮೆಲ್ ಕಾರ್ನಹನ್ ಸೆನೆಟ್ ಚುನಾವಣೆಯ ಪ್ರಚಾರಕ್ಕೆ ಹೊರಟಿದ್ದ ಸೆಸ್ನಾ 335. ರಾತ್ರಿ, ಮಳೆ, ಮೋಡ. ಹಾರಿಸುತ್ತಿದ್ದವರು ಅವರ ಮಗ. ತಮ್ಮ ಎದುರಿನ ಅಟಿಟ್ಯೂಡ್ ಇಂಡಿಕೇಟರ್ ಸರಿಯಿಲ್ಲ ಅಂತ ಅವರಿಗೆ ಗೊತ್ತಾಗಿತ್ತು, ಕಂಟ್ರೋಲರಿಗೆ ಹೇಳಿಯೂ ಇದ್ದರು, ಬಲಗಡೆ ಸೀಟಿನ ಎದುರಿನ ಮೀಟರ್ ನೋಡಿ ಹಾರಿಸುವ ಪ್ರಯತ್ನದಲ್ಲಿದ್ದರು. ಕತ್ತು ತಿರುಗಿಸಿ ಅತ್ತ ನೋಡುವುದು, ಇತ್ತ ನೋಡುವುದು, ಜೊತೆಗೆ ಗಾಳಿಯ ಕುಲುಕಾಟ. ದಿಕ್ಕು ದೆಸೆ ತಪ್ಪಿ ವಿಮಾನ ಬಿತ್ತು, ಮೂವರೂ ತೀರಿಕೊಂಡರು. ಮೂರು ವಾರದ ನಂತರದ ಚುನಾವಣೆಯಲ್ಲಿ ಸತ್ತುಹೋದ ಕಾರ್ನಹನ್ನರೇ ಗೆದ್ದರು. ನನಗೆ ಇದರಲ್ಲಿ ಹೆಚ್ಚು ತಟ್ಟುವುದು ಒಂದೇ: ಕೆಟ್ಟಿದ್ದು ಗೊತ್ತಾದರಷ್ಟೇ ಸಾಲದು, ಕೆಟ್ಟ ಮೀಟರ್ ಕಣ್ಣೆದುರೇ ಇದ್ದರೆ ಅದು ಎಳೆಯುತ್ತಲೇ ಇರುತ್ತದೆ.

ಹಾಗಾದರೆ ಕೆಟ್ಟಿದೆ ಅಂತ ಗೊತ್ತಾದ ತಕ್ಷಣ ಮಾಡಬೇಕಾದ್ದೇನು?

ಮುಚ್ಚಿಬಿಡಿ! ಬ್ಯಾಗಿನಲ್ಲಿ ಹಳದಿ ಅಂಟುಚೀಟಿ ಇಟ್ಟುಕೊಂಡಿರಿ, ಅಟಿಟ್ಯೂಡ್ ಇಂಡಿಕೇಟರ್ ಮೇಲೆ ಒಂದು, ಹೆಡಿಂಗ್ ಇಂಡಿಕೇಟರ್ ಮೇಲೆ ಒಂದು. ಚೀಟಿ ಇಲ್ಲದಿದ್ದರೆ ಟಿಶ್ಯೂ ಹರಿದು ಸಿಕ್ಕಿಸಿ. ಬೇಕೆಂದೇ ನೋಡದೆ ಇರುತ್ತೇನೆ ಅನ್ನುವುದೆಲ್ಲ ಆಗುವ ಮಾತಲ್ಲ.

ಆದರೆ ಅದಕ್ಕೂ ಮುಂಚೆ ಯಾವುದು ಸುಳ್ಳು ಅಂತ ತೀರ್ಮಾನ ಆಗಬೇಕಲ್ವಾ? ಮನೆತನದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಟಿಟ್ಯೂಡ್ ಬಲಕ್ಕೆ ವಾಲಿದೆ ಅನ್ನುತ್ತಿದೆ, ಟರ್ನ್ ಕೋಆರ್ಡಿನೇಟರ್ ನೆಟ್ಟಗಿದ್ದೀಯ ಅನ್ನುತ್ತಿದೆ, ಮ್ಯಾಗ್ನೆಟಿಕ್ ಕಂಪಾಸ್ ಕದಲುತ್ತಿಲ್ಲ. ಇಬ್ಬರು ಒಂದು ಕಡೆ, ಒಬ್ಬ ಒಂದು ಕಡೆ. ಈಗ ವ್ಯಾಕ್ಯೂಮ್ ಗೇಜ್ ನೋಡಿ, ಸಾಮಾನ್ಯವಾಗಿ 4.5ರಿಂದ 5.5 ಇಂಚು ಇರಬೇಕು, ಸೊನ್ನೆ ಇದ್ದರೆ ಕಳ್ಳ ಸಿಕ್ಕಿಬಿದ್ದ.

ಪಾರ್ಶಿಯಲ್ ಪ್ಯಾನೆಲ್‌ನಲ್ಲಿ (ಕೆಲವು ಮೀಟರ್ ಕೆಟ್ಟು, ಉಳಿದವುಗಳಲ್ಲೇ ಹಾರಿಸುವಾಗ) ತಿರುಗುವುದು ಹೇಗೆ? ಕಂಪಾಸ್ ಕುಣಿಯುತ್ತೆ.

ಕುಣಿಯುತ್ತದೆ, ಅದರ ಜಾಯಮಾನವೇ ಅದು. ರೆಕ್ಕೆ ಸಮ ಇದೆಯಾ ಅನ್ನುವುದನ್ನು ಟರ್ನ್ ಕೋಆರ್ಡಿನೇಟರಿನಲ್ಲಿ ನೋಡಿ, ಮೂಗಿನ ಲೆಕ್ಕವನ್ನು ಆಲ್ಟಿಮೀಟರ್ ಮತ್ತು ಏರ್‌ಸ್ಪೀಡಿನಲ್ಲಿ ನೋಡಿ. ಟರ್ನ್ ಕೋಆರ್ಡಿನೇಟರಿನ ಪುಟ್ಟ ವಿಮಾನದ ಚಿತ್ರ ನೋಡಿ ಮೂಗು ಎದ್ದಿದೆಯೋ ಬಿದ್ದಿದೆಯೋ ಅಂತ ಊಹಿಸಬೇಡಿ, ಅದು ಅದನ್ನು ತೋರಿಸುವುದೇ ಇಲ್ಲ.

ತಿರುವನ್ನು ಗಡಿಯಾರದಲ್ಲಿ ಅಳೆಯಿರಿ. ಸ್ಟ್ಯಾಂಡರ್ಡ್ ರೇಟ್ ಅಂದರೆ ಸೆಕೆಂಡಿಗೆ 3 ಡಿಗ್ರಿ. 90 ಡಿಗ್ರಿ ಬೇಕಾ, 30 ಸೆಕೆಂಡ್ ಎಣಿಸಿ ನೆಟ್ಟಗೆ ಮಾಡಿ, ಕಂಪಾಸ್ ತಣ್ಣಗಾಗಲಿ, ಆಮೇಲೆ ಓದಿ. ಕಂಪಾಸನ್ನೇ ನೋಡಿಕೊಂಡು ತಿರುಗುವುದಾದರೆ ಉತ್ತರಕ್ಕೆ ತಿರುಗುವಾಗ ಅದು ಹಿಂದೆ ಬೀಳುತ್ತದೆ, ದಕ್ಷಿಣಕ್ಕೆ ಮುಂದೆ ಓಡುತ್ತದೆ. ಎಷ್ಟು ಅಂದರೆ ಹೆಚ್ಚುಕಡಿಮೆ ನೀವಿರುವ ಜಾಗದ ಅಕ್ಷಾಂಶದಷ್ಟು. ಬೆಂಗಳೂರಿನ ಹತ್ತಿರ ಸುಮಾರು 13 ಡಿಗ್ರಿ, ನಮ್ಮ ಸ್ಯಾನ್ ಹೋಸೆ ಹತ್ತಿರ 37. ಬೆಂಗಳೂರಿನ ಜಕ್ಕೂರು ವೈಮಾನಿಕ ಶಾಲೆಯ ಲೆಕ್ಕ ತಲೆಯಲ್ಲಿಟ್ಟುಕೊಂಡು ಇಲ್ಲಿಗೆ ಬಂದವರು ಇದರಲ್ಲಿ ಎಡವುತ್ತಾರೆ.

ಇನ್ನೂ ಸುಲಭದ ದಾರಿ ಇದೆ. ರೇಡಾರ್ ಇರುವ ಕಂಟ್ರೋಲರನ್ನು ನೋ-ಗೈರೋ ಕೊಡಿ ಅಂತ ಕೇಳಿ. ಅವರು 'ಟರ್ನ್ ಲೆಫ್ಟ್' ಅಂದಾಗ ತಿರುಗಿ, 'ಸ್ಟಾಪ್ ಟರ್ನ್' ಅಂದಾಗ ನಿಲ್ಲಿಸಿ. ಹೆಡಿಂಗ್ ಲೆಕ್ಕವೆಲ್ಲ ಅವರದು. ಎಷ್ಟೋ ಜನ ಪರೀಕ್ಷೆಗೆ ಓದಿರುತ್ತಾರೆ, ಬೇಕಾದಾಗ ಕೇಳುವುದಿಲ್ಲ.

ಆಟೋಪೈಲಟ್ ಹಾಕಿಬಿಟ್ಟರೆ ಆಗಲ್ವಾ?

ಆ ಆಟೋಪೈಲಟ್ ಯಾರ ಮಾತು ಕೇಳುತ್ತದೆ ಅನ್ನುವುದರ ಮೇಲಿದೆ. ಕೆಎಪಿ 140 ತರಹದ್ದು ಟರ್ನ್ ಕೋಆರ್ಡಿನೇಟರಿನ ಮಾತು ಕೇಳುತ್ತದೆ, ಹಾಗಾಗಿ ವ್ಯಾಕ್ಯೂಮ್ ಹೋದರೂ ರೆಕ್ಕೆ ಸಮ ಇಡುತ್ತದೆ. ಆದರೆ ಹೆಡಿಂಗ್ ಮೋಡ್ ಹಾಕಬೇಡಿ, ಸತ್ತ ಹೆಡಿಂಗ್ ಇಂಡಿಕೇಟರನ್ನೇ ಹಿಂಬಾಲಿಸುತ್ತದೆ. ಕೆಎಫ್‌ಸಿ 150 ಇದ್ದರೆ ಅದು ನೋಡುವುದೇ ವ್ಯಾಕ್ಯೂಮಿನ ಅಟಿಟ್ಯೂಡ್ ಮೀಟರನ್ನು. ನಿಮಗಿಂತ ನಿಷ್ಠೆಯಿಂದ ಸುಳ್ಳನ್ನು ನಂಬುತ್ತದೆ. ನಿಮ್ಮದು ಯಾವುದು ಅಂತ ಇವತ್ತೇ ನೆಲದ ಮೇಲೆ ಕೂತು ನೋಡಿಕೊಳ್ಳಿ.

ಕರೆಂಟ್ ಕೊಡುವ ಆಲ್ಟರ್ನೇಟರ್ ಹೋದರೆ ಎಂಜಿನ್ ನಿಲ್ಲುತ್ತಾ? ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?

ಎಂಜಿನ್ ನಿಲ್ಲುವುದಿಲ್ಲ. ಕಿಡಿ ಕೊಡುವುದು ಮ್ಯಾಗ್ನೆಟೋ, ಅದಕ್ಕೆ ಬ್ಯಾಟರಿ ಬೇಡ. ಬ್ಯಾಟರಿ ಅರ್ಧ ಗಂಟೆ ಬಂದರೆ ಪುಣ್ಯ ಅಂದುಕೊಳ್ಳಿ, ಹಳೇ ಬ್ಯಾಟರಿ ಆದರೆ ಅಷ್ಟೂ ಇಲ್ಲ.

ನನಗೇ ಆಗಿದ್ದು ಹೇಳುತ್ತೇನೆ. ಜುಲೈ ತಿಂಗಳ ಬೆಳಿಗ್ಗೆ, ವಾಟ್ಸನ್‌ವಿಲ್‌ನಿಂದ ಹೊರಟಿದ್ದೆ. ಬೇಸಿಗೆಯಲ್ಲಿ ಆ ಕರಾವಳಿಯ ಮೇಲೆ ಸಮುದ್ರದಿಂದ ಬಂದ ಮೋಡ ಹೊದಿಕೆ ಹಾಸಿದ ಹಾಗೆ ಮಲಗಿರುತ್ತದೆ, ಅವತ್ತು 1,800 ಅಡಿಗೆ ಮುಗಿದಿತ್ತು. ಮೇಲೆ ಬಂದರೆ ಝಗಝಗ ಬಿಸಿಲು. ಕಾಲುಗಂಟೆ ಕಳೆದಿರಬೇಕು, ಲೋ ವೋಲ್ಟೇಜ್ ದೀಪ ಹತ್ತಿತು. ನಾನು ಮಾಡಿದ್ದೇನು ಗೊತ್ತಾ? ಬೆರಳಲ್ಲಿ ತಟ್ಟಿದೆ. ಬಲ್ಬಿನದೇ ಏನೋ ತೊಂದರೆ ಅಂದುಕೊಂಡೆ. ಅಮ್ಮೀಟರ್ ಮುಳ್ಳು ಮೈನಸ್ ಕಡೆ ವಾಲಿರುವುದು ಕಣ್ಣಿಗೆ ಕಾಣುತ್ತಿದ್ದರೂ, ನೋಡೋಣ ನೋಡೋಣ ಅಂತ ಐದಾರು ನಿಮಿಷ ಕಳೆದೆ. ಇರುವ ಅರ್ಧ ಗಂಟೆಯ ಬ್ಯಾಟರಿಯಲ್ಲಿ ಅದೆಷ್ಟು ದೊಡ್ಡ ಪಾಲು ನೋಡಿ. ಎಲ್ಲ ದೀಪ, ಎರಡೂ ರೇಡಿಯೊ, ಪಿಟೋ ಹೀಟ್ (ವೇಗ ಅಳೆಯಲು ಎದುರು ಗಾಳಿ ಹಿಡಿಯುವ ಪಿಟೋ ಕೊಳವೆಯನ್ನು ಬಿಸಿ ಮಾಡುವುದು) ಸಮೇತ ಉರಿಸುತ್ತಾ ಕಳೆದೆ. ಮೋಡ ದಾಟಿದ ಮೇಲೆ ಆ ಹೀಟ್ ಆರಿಸುವುದನ್ನೂ ಮರೆತಿದ್ದೆ.

ಆಮೇಲೆ ಕೈಪಿಡಿಯ ಪಟ್ಟಿ ತೆಗೆದೆ. ಬ್ರೇಕರ್ ಹಾರಿದೆಯಾ ನೋಡು, ಆಲ್ಟರ್ನೇಟರ್ ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡು. ಒಮ್ಮೆ ಮಾತ್ರ, ಮತ್ತೆ ಹಾರಿದರೆ ಬಿಟ್ಟುಬಿಡಿ, ಪದೇ ಪದೇ ಒತ್ತಿ ಬೆಂಕಿ ಬರಿಸಿಕೊಳ್ಳಬೇಡಿ. ನನ್ನದು ಸರಿಹೋಗಲಿಲ್ಲ. ಒಂದು ರೇಡಿಯೊ, ರೇಡಾರಿಗೆ ನಮ್ಮ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್ ಬಿಟ್ಟು ಮಿಕ್ಕಿದ್ದೆಲ್ಲ ಆರಿಸಿದೆ. ಆ ಪ್ರದೇಶದ ರೇಡಾರ್ ಕಂಟ್ರೋಲರ್‌ಗಳಾದ ನಾರ್‌ಕ್ಯಾಲ್ ಅಪ್ರೋಚಿಗೆ ಹೇಳಿದೆ: ಆಲ್ಟರ್ನೇಟರ್ ಹೋಗಿದೆ, ಸ್ವಲ್ಪ ಹೊತ್ತಿನಲ್ಲಿ ನನ್ನ ದನಿ ನಿಲ್ಲಬಹುದು, ಪೂರ್ವಕ್ಕೆ ಹೋಗುತ್ತೇನೆ. ಯಾಕೆ ಪೂರ್ವ? ಪಚೇಕೊ ಕಣಿವೆ ದಾಟಿದರೆ ಸೆಂಟ್ರಲ್ ವ್ಯಾಲಿ, ಬೇಸಿಗೆಯಲ್ಲಿ ಅಲ್ಲಿ ಮೋಡದ ಚೂರೂ ಇರುವುದಿಲ್ಲ. ಲಾಸ್ ಬಾನೋಸ್‌ನಲ್ಲಿ ಟವರ್ ಇಲ್ಲ, ರೇಡಿಯೊ ಇಲ್ಲದೆಯೂ ಇಳಿಯಬಹುದು. ಆ ಕಂಟ್ರೋಲರಮ್ಮ ಒಂದು ಪ್ರಶ್ನೆ ಜಾಸ್ತಿ ಕೇಳಲಿಲ್ಲ. ಫ್ಲ್ಯಾಪ್ ಕರೆಂಟಿನದು, ಅದಿಲ್ಲದೆ ಸ್ವಲ್ಪ ಜೋರಾಗೇ ಇಳಿದೆ. ಪಾರ್ಕಿಂಗ್ ತಲುಪುವಷ್ಟರಲ್ಲಿ ರೇಡಿಯೊ ಪರದೆ ಕಪ್ಪಾಗಿತ್ತು. ಆಲ್ಟರ್ನೇಟರಿನ ಒಂದು ವೈರ್ ಕಳಚಿಕೊಂಡಿತ್ತಂತೆ, ಅಷ್ಟೇ.

ಈಗ ಹೊರಡುವ ಮುಂಚೆ ನಾನು ಬರೆದುಕೊಳ್ಳುವ ಮೊದಲ ಸಾಲು ಯಾವುದೆಂದರೆ, ಇವತ್ತು ಯಾವ ದಿಕ್ಕಿನಲ್ಲಿ ಬಯಲಾದ ಆಕಾಶ ಇದೆ.

ಏರ್‌ಸ್ಪೀಡ್ ಹುಚ್ಚುಚ್ಚಾಗಿ ತೋರಿಸಿದರೆ?

ಪಿಟೋ ಕೊಳವೆ ಕಟ್ಟಿಕೊಂಡಿರಬಹುದು. ನೀರು, ಮಂಜುಗಡ್ಡೆ, ಇಲ್ಲವೇ ಮಣ್ಣಿನ ಗೂಡು ಕಟ್ಟುವ ಕಣಜ. ನಗಬೇಡಿ, 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬಿರ್ಗೆನ್‌ಏರ್‌ನ ಬೋಯಿಂಗ್ 757 ಬಿದ್ದು 189 ಜನ ಸತ್ತಾಗ ತನಿಖೆಯಲ್ಲಿ ಅನುಮಾನ ಹೋಗಿದ್ದು ಅಂಥದ್ದೇ ಗೂಡಿನ ಮೇಲೆ.

ಮುಂದಿನ ತೂತು ಮಾತ್ರ ಮುಚ್ಚಿದ್ದರೆ ಏರ್‌ಸ್ಪೀಡ್ ಸೊನ್ನೆಗೆ ಇಳಿಯುತ್ತದೆ, ಇದು ಒಳ್ಳೇದು, ಕಣ್ಣಿಗೆ ಹೊಡೆಯುತ್ತದೆ. ನೀರು ಬಸಿಯುವ ತೂತೂ ಮುಚ್ಚಿದ್ದರೆ ಗ್ರಹಚಾರ: ಆಗ ಏರ್‌ಸ್ಪೀಡ್ ಆಲ್ಟಿಮೀಟರಿನ ಹಾಗೆ ವರ್ತಿಸುತ್ತದೆ, ಮೇಲೇರಿದರೆ ವೇಗ ಹೆಚ್ಚಾದಂತೆ, ಇಳಿದರೆ ಕಡಿಮೆಯಾದಂತೆ. ವೇಗ ಜಾಸ್ತಿ ಆಯ್ತು ಅಂತ ಮೂಗು ಎತ್ತಿದರೆ ಇನ್ನೂ ಮೇಲೇರಿ ಇನ್ನೂ ಜಾಸ್ತಿ ತೋರಿಸುತ್ತದೆ, ಕೊನೆಗೆ ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಮದ್ದು ಏನು? ಪಿಟೋ ಹೀಟ್ ಹಾಕಿ, ಏರ್‌ಸ್ಪೀಡನ್ನು ಮರೆತು, ಗೊತ್ತಿರುವ ಮೂಗಿನ ಕೋನ, ಗೊತ್ತಿರುವ ಆರ್‌ಪಿಎಂ ಇಟ್ಟು ಹಾರಿಸಿ. ನಿಮ್ಮ ವಿಮಾನದ ಆ ಅಂಕಿಗಳು ಬಾಯಿಗೆ ಬರಬೇಕು.

ಹೊರಗಿನ ಗಾಳಿಯ ಒತ್ತಡ ಒಳತರುವ ಸ್ಟ್ಯಾಟಿಕ್ ತೂತು ಮುಚ್ಚಿದರೆ ಆಲ್ಟಿಮೀಟರ್ ಇದ್ದಲ್ಲೇ ಅಂಟಿಕೊಳ್ಳುತ್ತದೆ, ವಿಎಸ್‌ಐ ಸೊನ್ನೆ. ಅದೇ 1996ರ ಅಕ್ಟೋಬರಿನಲ್ಲಿ ಲಿಮಾದಿಂದ ಹೊರಟ ಏರೋಪೆರು 757ರಲ್ಲಿ ತೊಳೆಯುವಾಗ ಹಚ್ಚಿದ ಟೇಪ್ ತೆಗೆಯಲು ಮರೆತಿದ್ದರು, 70 ಜನ ಹೋದರು. ನಿಮ್ಮಲ್ಲಿ ಕ್ಯಾಬಿನ್ ಒಳಗಿನ ಗಾಳಿ ಕೊಡುವ ಆಲ್ಟರ್ನೇಟ್ ಸ್ಟ್ಯಾಟಿಕ್ ನಾಬ್ ಇದ್ದರೆ ಎಳೆಯಿರಿ, ಆಲ್ಟಿಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ಚೂರು ಮೇಲೆ ತೋರಿಸುತ್ತದೆ, ಅಷ್ಟು ನೆನಪಿರಲಿ. ನಾಬ್ ಇಲ್ಲದಿದ್ದರೆ ವಿಎಸ್‌ಐ ಗಾಜು ಒಡೆಯಿರಿ, ಗಾಳಿ ಅಲ್ಲಿಂದ ಒಳಬರಲಿ. ನಿಜವಾಗಿಯೂ. ವಿಎಸ್‌ಐ ಹಾಳಾದರೆ ಹಾಳಾಗಲಿ.

ರೇಡಿಯೊ ಸತ್ತರೆ?

ಹತ್ತರಲ್ಲಿ ಒಂಬತ್ತು ಸಲ ಸತ್ತಿರುವುದಿಲ್ಲ. ಹೆಡ್‌ಸೆಟ್ ಪಿನ್ನಿಗೆ ಮೊಣಕಾಲು ತಗುಲಿರುತ್ತದೆ, ವಾಲ್ಯೂಮ್ ಇಳಿದಿರುತ್ತದೆ, ಫ್ರೀಕ್ವೆನ್ಸಿ ತಪ್ಪಿರುತ್ತದೆ. ಅದೆಲ್ಲ ನೋಡಿ, ಹಿಂದಿನ ಫ್ರೀಕ್ವೆನ್ಸಿಗೆ ಹೋಗಿ, ತುರ್ತಿನ ಫ್ರೀಕ್ವೆನ್ಸಿ 121.5 ಪ್ರಯತ್ನಿಸಿ. ನಿಜಕ್ಕೂ ಸತ್ತಿದ್ದರೆ ಟ್ರಾನ್ಸ್‌ಪಾಂಡರಿಗೆ 7600, ರೇಡಿಯೊ ಹೋಗಿದೆ ಅನ್ನುವ ಕೋಡ್.

ಹೊರಗೆ ಬಯಲಾಗಿ ಕಾಣುತ್ತಿದ್ದರೆ ಹಾಗೇ ನೋಡಿಕೊಂಡು ಹೋಗಿ ಇಳಿಯಿರಿ, ಮತ್ತೆ ಮೋಡಕ್ಕೆ ನುಗ್ಗಬೇಡಿ. ಮೋಡದಲ್ಲೇ ಇದ್ದರೆ ದಾರಿಯ ಕ್ರಮ ಹೀಗೆ: ಕೊಟ್ಟ ದಾರಿಯಲ್ಲಿ ಹೋಗಿ, ರೇಡಾರಿನವರು ಎತ್ತಲೋ ತಿರುಗಿಸಿದ್ದರೆ ಅವರು ಹೇಳಿದ್ದ ಜಾಗಕ್ಕೆ ನೇರ ಹೋಗಿ, ಎರಡೂ ಇಲ್ಲದಿದ್ದರೆ ಮುಂದೆ ಕೊಡುತ್ತೇವೆ ಅಂದಿದ್ದ ದಾರಿ, ಅದೂ ಇಲ್ಲದಿದ್ದರೆ ಹೊರಡುವ ಮುಂಚೆ ನೀವು ಫೈಲ್ ಮಾಡಿದ್ದು. ಎತ್ತರಕ್ಕೆ ಬಂದರೆ ಕೊಟ್ಟಿದ್ದು, ಕೊಡುತ್ತೇವೆ ಅಂದಿದ್ದು, ಆ ದಾರಿಯ ಕನಿಷ್ಠ, ಈ ಮೂರರಲ್ಲಿ ಯಾವುದು ಹೆಚ್ಚೋ ಅದು. ಅದನ್ನು ದಾರಿಯ ಒಂದೊಂದು ತುಂಡಿಗೂ ಬೇರೆಯಾಗಿ ನೋಡಬೇಕು, ಒಮ್ಮೆ ಏರಿದ್ದನ್ನೇ ಕೊನೆವರೆಗೂ ಹಿಡಿದಿರುವುದಲ್ಲ.

ಟವರಿನ ಕಡೆಯಿಂದ ಹಸಿರು ದೀಪ ಒಂದೇ ಸಮ ಉರಿದರೆ ಇಳಿಯಬಹುದು.

ತೊಂದರೆ ಇದೆ ಅಂತ ಎಟಿಸಿಗೆ (ಕಂಟ್ರೋಲರಿಗೆ) ಹೇಳಿದರೆ ಆಮೇಲೆ ಕೇಸು, ವಿಚಾರಣೆ ಅಂತ ಆಗಲ್ವಾ?

ಈ ಭಯ ನಮ್ಮವರಲ್ಲಿ ಜಾಸ್ತಿ. ಆಫೀಸು, ಅರ್ಜಿ, ಸಹಿ ಅಂದರೆ ಮೊದಲೇ ಹೆದರಿಕೆ. ಅಮೆರಿಕದಲ್ಲಂತೂ ಮೋಡದಲ್ಲಿ ಹಾರುವಾಗ ದಾರಿ ತೋರಿಸುವ, ಮಾತಾಡುವ ಉಪಕರಣ ಕೆಟ್ಟರೆ ಹೇಳಲೇಬೇಕು ಅನ್ನುವುದೇ ನಿಯಮ: ನೀವು ಯಾರು, ಏನು ಕೆಟ್ಟಿದೆ, ಅದರಿಂದ ಏನು ಆಗುವುದಿಲ್ಲ, ಏನು ಸಹಾಯ ಬೇಕು. ತುರ್ತು ಪರಿಸ್ಥಿತಿ ಅಂತ ಘೋಷಿಸಿ ನಿಯಮ ಮುರಿದರೂ, ಅವರು ಕೇಳಿದರೆ ಮಾತ್ರ ಬರೆದು ಕೊಡಬೇಕು. ಮೇಲಿಂದ ನಾಸಾದವರ ಸುರಕ್ಷತಾ ವರದಿ ವ್ಯವಸ್ಥೆ ಎಎಸ್‌ಆರ್‌ಎಸ್‌ಗೆ 10 ದಿನದೊಳಗೆ ನಡೆದಿದ್ದನ್ನು ಬರೆದು ಕಳಿಸಿದರೆ, ಬೇಕೆಂದು ಮಾಡಿದ ತಪ್ಪಲ್ಲದಿದ್ದರೆ ಸಾಮಾನ್ಯವಾಗಿ ದಂಡವೂ ಇರುವುದಿಲ್ಲ.

'ಸಣ್ಣ ಸಮಸ್ಯೆ' ಅನ್ನಬೇಡಿ. ಪಾರ್ಶಿಯಲ್ ಪ್ಯಾನೆಲ್ ಅಂದರೆ ಏನು ಅಂತ ಕಂಟ್ರೋಲರಿಗೆ ಗೊತ್ತಿರಬೇಕೆಂದಿಲ್ಲ, ಅವರಲ್ಲಿ ಎಲ್ಲರೂ ಪೈಲಟ್‌ಗಳಲ್ಲ. ಎಮರ್ಜೆನ್ಸಿ ಅನ್ನುವ ಪದ ಎಲ್ಲರಿಗೂ ಅರ್ಥವಾಗುತ್ತದೆ.

ನನ್ನದು ಗ್ಲಾಸ್ ಕಾಕ್‌ಪಿಟ್, ಮೀಟರ್ ಬದಲು ಪರದೆಗಳು. ಇದೆಲ್ಲ ನನಗ್ಯಾಕೆ?

ಜಿ1000 ಇರುವ 172ರಲ್ಲಿ ಪೈಲಟ್ ಎದುರಿನ ಪರದೆ ಹೋದರೆ ಕೆಂಪು ಗುಂಡಿ ಒತ್ತಿ, ಪಕ್ಕದ ಪರದೆಗೆ ಎಲ್ಲ ಬರುತ್ತದೆ. ಕೆಟ್ಟ ಮಾಹಿತಿಯ ಮೇಲೆ ದೊಡ್ಡ ಕೆಂಪು ಗೀಟು ಬೀಳುತ್ತದೆ, ಅಂಟುಚೀಟಿ ಕೆಲಸ ಅದೇ ಮಾಡುತ್ತದೆ. ಒಳ್ಳೆಯ ವ್ಯವಸ್ಥೆ, ಹೊಟ್ಟೆಕಿಚ್ಚಿದೆ. ಆದರೆ ಎಲ್ಲ ಕರೆಂಟಿನ ಮೇಲೆ ನಿಂತಿದೆ. ಹೊರಡುವ ಮುಂಚೆ ಸ್ಟ್ಯಾಂಡ್‌ಬೈ ಬ್ಯಾಟರಿ ಪರೀಕ್ಷೆ ಮಾಡಿ, ಸ್ವಿಚ್ ಆರ್ಮ್‌ನಲ್ಲಿ ಇದೆಯಾ ನೋಡಿ. ಹಳೇ ವಿಮಾನಕ್ಕೆ ಗಾರ್ಮಿನ್ ಜಿ5 ಅನ್ನುವ ಪುಟ್ಟ ಪರದೆಯ ಮೀಟರ್ ಹಾಕಿಸಿದರೆ ಅದರದ್ದೇ ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ. ವ್ಯಾಕ್ಯೂಮ್ ಪಂಪ್ ಬದಲಿಸಲು ದುಡ್ಡು ಹಾಕುವ ಬದಲು ಇದಕ್ಕೆ ಹಾಕಿ ಅನ್ನುವುದು ನನ್ನ ಅಭಿಪ್ರಾಯ.

ಜಿಪಿಎಸ್ ಹೋದರೆ?

ನೆಲದ ರೇಡಿಯೊ ಸಿಗ್ನಲ್‌ನಿಂದ ದಾರಿ ತೋರಿಸುವ ವಿಒಆರ್, ರನ್‌ವೇಗೆ ಇಳಿಸುವ ಐಎಲ್‌ಎಸ್ ಇವೆ, ಹಿಡಿಯುವ ಅಭ್ಯಾಸ ಬಿಟ್ಟುಹೋಗಿರದಿದ್ದರೆ. ಭಾರತದಲ್ಲಿ ಅಮೃತಸರ, ಜಮ್ಮು ಕಡೆ ಜಿಪಿಎಸ್ ಸಿಗ್ನಲ್ ಕೆಡಿಸಿದ ವರದಿಗಳು ಬರುತ್ತಿವೆ, ಹಾಗಾಗಿ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಐಎಲ್‌ಎಸ್ ಮೇಲೆ ಇಳಿಯುವಾಗ ಇಳಿಯುವ ಇಳಿಜಾರು ತೋರಿಸುವ ಗ್ಲೈಡ್‌ಸ್ಲೋಪ್ ಕೆಟ್ಟು ಅದರ ಬಾವುಟ ಬಿದ್ದರೆ, ಎಡ-ಬಲ ತೋರಿಸುವ ಲೋಕಲೈಜರ್ ಒಂದರಲ್ಲೇ ಇಳಿಯುವ ಲೆಕ್ಕ ಮೊದಲೇ ಮಾಡಿಕೊಂಡಿದ್ದರೆ ಮುಂದುವರಿಸಿ. ಮಾಡಿಕೊಂಡಿಲ್ಲವಾ, ಮೇಲೆ ಹೋಗಿ. ಅಲ್ಲೇ ಕೂತು ಚಾರ್ಟ್ ಹುಡುಕಬೇಡಿ.

ಜಕ್ಕೂರಿನಲ್ಲಿ ಕಲಿಯುತ್ತಿದ್ದೇನೆ. ಇದೆಲ್ಲ ಅಲ್ಲಿಗೂ ಅನ್ವಯಿಸುತ್ತಾ?

7600, ತುರ್ತು ಪರಿಸ್ಥಿತಿಯ ಕೋಡ್ 7700, 121.5 ಎಲ್ಲ ಕಡೆ ಒಂದೇ. ಬುಗುರಿ, ಪಿಟೋ, ಬ್ಯಾಟರಿಗೂ ದೇಶ ಇಲ್ಲ. ರೇಡಿಯೊ ಸತ್ತಾಗಿನ ಎತ್ತರ, ದಾರಿಯ ನಿಯಮ ಮಾತ್ರ ಬೇರೆ, ಅಂತರರಾಷ್ಟ್ರೀಯ ನಿಯಮದಲ್ಲಿ ನಿಮಿಷಗಳ ಲೆಕ್ಕ ಬರುತ್ತದೆ. ಅದನ್ನು ಭಾರತದ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎಯ ನಿಯಮ ಮತ್ತು ಅಧಿಕೃತ ಮಾಹಿತಿ ಪುಸ್ತಕ ಎಐಪಿ ಇಂಡಿಯಾ ನೋಡಿಯೇ ಓದಿ. ನನ್ನ ಉತ್ತರ ಪರೀಕ್ಷೆಯಲ್ಲಿ ಬರೆದು ನನ್ನನ್ನು ಬೈಯಬೇಡಿ.

ಅಭ್ಯಾಸ ಹೇಗೆ ಮಾಡೋದು? ಬ್ಯಾಗಿನಲ್ಲಿ ಏನಿರಬೇಕು?

ಇನ್‌ಸ್ಟ್ರಕ್ಟರ್ ಚೀಟಿ ಅಂಟಿಸಿ 'ವ್ಯಾಕ್ಯೂಮ್ ಹೋಯ್ತು' ಅನ್ನುವುದು ಅರ್ಧ ಅಭ್ಯಾಸ, ಯಾಕೆಂದರೆ ಪತ್ತೆ ಹಚ್ಚುವ ಕೆಲಸ ಅವರೇ ಮಾಡಿಕೊಟ್ಟರು. ಸಿಮ್ಯುಲೇಟರಿನಲ್ಲಿ ಹೇಳದೆ ಕೆಡಿಸಿ ಅಂತ ಕೇಳಿ. ನಾನು ಮೊದಲ ಸಲ ಕೂತಾಗ ಸುಳ್ಳು ಹಾರಿಜಾನ್ ಹಿಂದೆ 40 ಡಿಗ್ರಿ ವಾಲುವವರೆಗೂ ಹೋಗಿದ್ದೆ, ಪಕ್ಕದಲ್ಲಿ ಕೂತವರು ಕೆಮ್ಮಿದ ಮೇಲೆ ಎಚ್ಚರವಾಯಿತು.

ಬ್ಯಾಗಿನಲ್ಲಿ ಕೈಯಲ್ಲಿ ಹಿಡಿಯುವ ರೇಡಿಯೊ, ಅದಕ್ಕೆ ಹೆಡ್‌ಸೆಟ್ ಜೋಡಿಸುವ ವೈರ್ ಸಮೇತ. ವೈರ್ ಇಲ್ಲದಿದ್ದರೆ ಎಂಜಿನ್ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಎರಡು ಟಾರ್ಚ್, ಒಂದು ತಲೆಗೆ ಕಟ್ಟುವಂಥದ್ದು. ಐಪ್ಯಾಡ್ ಜೊತೆಗೆ ಅಟಿಟ್ಯೂಡ್ ತೋರಿಸುವ ಪುಟ್ಟ ರಿಸೀವರ್, ಅದು ಅಧಿಕೃತ ಮೀಟರ್ ಅಲ್ಲ, ಆದರೂ ಮುಳುಗುವವನಿಗೆ ಆಸರೆ. ಐಪ್ಯಾಡನ್ನು ಬಿಸಿಲಿಗೆ ಇಡಬೇಡಿ, ಕಾದು ಆಫ್ ಆಗುತ್ತದೆ. ಮತ್ತೆ ಆ ಹಳದಿ ಅಂಟುಚೀಟಿ. ನನ್ನ ಕಟ್ಟಿನಲ್ಲಿ ಮಗಳು ಬೆಕ್ಕಿನ ಚಿತ್ರ ಬರೆದಿಟ್ಟಿದ್ದಾಳೆ. ಕಳೆದ ಪರೀಕ್ಷೆಯಲ್ಲಿ ಎರಡು ಬೆಕ್ಕುಗಳನ್ನು ಮೀಟರ್ ಮೇಲೆ ಅಂಟಿಸಿಕೊಂಡೇ ಇಳಿದೆ.